ದೀಪ ದೊಡ್ಡದು ಮಾಡುತ್ತಿದ್ದಾರೆ

ಹೇಸ್, ಲಂಡನ್
17 ಮಾರ್ಚ್ 2024

ಅನಿ,

ಮೊನ್ನೆ ಫೋನಿನಲ್ಲಿ ಜಗಳವಾಡಿದ ಮೇಲೆ ಇನ್ನು ಮೇಲ್ ಬರೆಯುವುದೇ ವಾಸಿ ಎನ್ನಿಸಿತು. ಬರೆಯುವಾಗಲಾದರೂ ನೀನು ನಡುವೆ ಬಾಯಿ ಹಾಕಲಾರೆ. ಅಪ್ಪನ ಮೂಗಿನ ತುದಿಯ ಕೋಪವನ್ನು ನಾವಿಬ್ಬರೂ ಸಮಪಾಲು ಮಾಡಿಕೊಂಡು ಹುಟ್ಟಿದ್ದೇವೆ, ಏನು ಮಾಡುವುದು.

ಹೇಳಬೇಕಾದ್ದು ಇಷ್ಟೇ. ಆ ಬೆಂಗಳೂರಿನ ಜೂಜಿನ ಆ್ಯಪ್‌ನವರು ಆಟ ನಮಗೆ ಮಾರಿ, ಯುಗಾದಿಯೊಳಗೆ ಉತ್ತರ ಕೊಡಿ ಎಂದು ನಿನ್ನ ಬೆನ್ನು ಬಿದ್ದಿದ್ದಾರಲ್ಲ, ಕೊಡಬೇಡ. ನೀನು ಕಂಪ್ಯೂಟರಿಗೆ ಇಳಿಸಿದ ಚೌಕಾಬಾರ ನಮ್ಮ ಅಂಗಡಿ ಲ್ಯಾಂಟರ್ನ್ ಲೇನ್‌ನಲ್ಲಿ ನಿಧಾನವಾಗಿಯಾದರೂ ಮಾರಾಟವಾಗುತ್ತಿದೆ. ಮೊನ್ನೆ ಸ್ಕಾಟ್ಲೆಂಡಿನ ಒಬ್ಬಾತ ನಮ್ಮ ಹೆಲ್ಪ್ ಡೆಸ್ಕಿಗೆ ಬರೆದಿದ್ದ. ತಾನು ಕಳ್ಳಾಟ ಆಡಿದಾಗಲೆಲ್ಲ ಆಟದೊಳಗಿನ ಅಜ್ಜಿ ಏನೋ ಅನ್ನುತ್ತಾಳೆ, ಅದರ ಅರ್ಥ ಬೇಕು ಎಂದ. ‘ನನ್ನ ಕಣ್ಣಿಗೆ ಮಣ್ಣು ಹಾಕಿದ್ರೆ ಕವಡೆ ಕಣ್ಣಿಗೂ ಹಾಕ್ತೀಯೇನೋ’ ಎಂಬುದನ್ನು ಇಂಗ್ಲಿಷಿಗೆ ತರುವಷ್ಟರಲ್ಲಿ ನನಗೆ ಸಾಕುಬೇಕಾಯಿತು. ನಿನ್ನ ಆಟಕ್ಕೆಂದು ಅಂಬತ್ತೆ ಮೈಸೂರಿನ ಜಗಲಿಯಲ್ಲಿ ಬೈದದ್ದು ಸ್ಕಾಟ್ಲೆಂಡಿನವನಿಗೆ ತಾಗಿದೆ ಎಂದು ಅವರಿಗೆ ಹೇಳು.

ನಮ್ಮ ಮನೆಯ ಓನರ್ ಇನ್ನೂ ನಾನು ಗೊಂಬೆ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ ಎಂದೇ ನಂಬಿದ್ದಾನೆ. ಕಂಪ್ಯೂಟರ್ ಆಟಗಳನ್ನು ಇಂಟರ್ನೆಟ್ಟಿನಲ್ಲೇ ಮಾರುವ ಅಂಗಡಿ, ನಾನು ಅಲ್ಲಿ ಗಿರಾಕಿಗಳ ದೂರು ಕೇಳುವವಳು ಎಂದು ಎಷ್ಟು ಹೇಳಿದರೂ ಕ್ರಿಸ್‌ಮಸ್‌ಗೆ ಮೊಮ್ಮಗಳಿಗೊಂದು ಕರಡಿ ಕೇಳುತ್ತಾನೆ.

ಆಫೀಸಿನಲ್ಲಿ ಏನೋ ದೊಡ್ಡದೊಂದು ನಡೆಯುತ್ತಿದೆ. ಹೊರಗೆ ಬಾಯಿ ಬಿಡುವುದಿಲ್ಲ ಎಂದು ಶುಕ್ರವಾರ ಎಲ್ಲರಿಂದಲೂ ಸಹಿ ಹಾಕಿಸಿಕೊಂಡರು. ಹೆಚ್ಚು ಕೇಳಬೇಡ. ನನ್ನ ವೀಸಾ ನಿಂತಿರುವುದೇ ಈ ಕಂಪನಿಯ ಹೆಸರಿನ ಮೇಲೆ, ಹೆಂಡತಿಯ ಬೆನ್ನಿಗೆ ಬಂದ ಸಂಪತ್‌ನದೂ ಅದರ ಜೊತೆಗೇ.

ಸಿರಿ

*

ಮೈಸೂರು
19 ಮಾರ್ಚ್ 2024

ಅಕ್ಕ,

ಜಗಳ ಶುರು ಮಾಡಿದ್ದು ನೀನು. ಅದಿರಲಿ.

ಜೂಜಿನವರ ಕಡೆಯಿಂದ ದಾನಪ್ಪ ಎಂಬುವರು ಮತ್ತೆ ಬಂದಿದ್ದರು. ಒಳ್ಳೆಯ ಮನುಷ್ಯನೇ, ಅತ್ತೆಗೆ ಹಣ್ಣು ತಂದಿದ್ದರು. ಕಾಫಿ ಕುಡಿಯುತ್ತಾ ಸತ್ಯ ಬಾಯಿ ಬಿಟ್ಟರು. ಅವರಿಗೆ ಬೇಕಾಗಿರುವುದು ನಾನು ಬರೆದ ಚಿತ್ರವಾಗಲಿ, ಕಟ್ಟಿದ ಬೀದಿಯಾಗಲಿ ಅಲ್ಲ. ಅತ್ತೆಯ ಧ್ವನಿ. ‘ಅಜ್ಜಿ ಬಾಯಲ್ಲಿ ಇನ್ನೊಂದ್ಸಲ ಹಾಕು ಮಗಾ ಅಂತ ಬಂದ್ರೆ ಯಾರು ಸಾರ್ ಆಟ ಬಿಟ್ಟು ಏಳ್ತಾರೆ?’ ಎಂದರು. 

ಸೋತ ಮಗುವಿಗೆ ಸಮಾಧಾನ ಹೇಳಲು ಅತ್ತೆ ಆಡುವ ಮಾತು ಅದು. ಅದನ್ನು ಕೇಳಿಸಿ ಕಂಡವರ ಜೇಬು ಕತ್ತರಿಸಬೇಕಂತೆ. ಆಟ ಕೊಟ್ಟರೆ ಧ್ವನಿಯೂ ಅದರ ಜೊತೆಗೇ ಹೋಗುತ್ತದೆ, ಆಮೇಲೆ ಬೇಕಾದ ಹಾಗೆ ಬಳಸಿಕೊಳ್ಳುತ್ತಾರೆ. ಅತ್ತೆಗೆ ಇದು ಯಾವುದೂ ಗೊತ್ತಿಲ್ಲ. ಯಾವುದೋ ಕಂಪನಿಯವರು ಆಟ ಮೆಚ್ಚಿ ಬಂದಿದ್ದಾರೆ ಎಂದುಕೊಂಡಿದ್ದಾರೆ.

ಬೇರೆ ಕೆಲಸ ಬಿಟ್ಟು ನಾಲ್ಕು ವರ್ಷ ಈ ಆಟಕ್ಕೆ ಜೋತುಬಿದ್ದಿದ್ದೇನೆ. ಒಪ್ಪಂದದ ಪ್ರಕಾರ ಇದರ ಹಕ್ಕು ನನ್ನದೇ ಆದರೂ ಬಿಡಿಯಾಗಿ ಮಾರಬಹುದಾದದ್ದು ನಿಮ್ಮಲ್ಲಿ ಮಾತ್ರ. ನಿಮ್ಮ ಅಂಗಡಿ ಇರುವತನಕ ದಾನಪ್ಪನವರಿಗೆ ಕೈ ಮುಗಿದು ಇಲ್ಲ ಎನ್ನುವ ಧೈರ್ಯ ನನಗಿದೆ. ಅದೊಂದು ತಪ್ಪಿದರೆ ಮನೆ ನಡೆಯಲು ಅವರೇ ಗತಿ. ಅದಕ್ಕೇ ಆಗಾಗ ನಿನ್ನನ್ನು ನಿಮ್ಮ ಅಂಗಡಿ ಹೇಗಿದೆ ಎಂದು ಪೀಡಿಸುವುದು. ನೀನು ಅದನ್ನೇ ಅನುಮಾನ ಎಂದು ತಿಳಿದು ಹರಿಹಾಯುತ್ತೀಯ.

ಅತ್ತೆ ಈಗಷ್ಟೇ ದೇವರ ಮನೆಯ ದೀಪ ದೊಡ್ಡದು ಮಾಡಿ ಮಲಗಲು ಹೋದರು. ಸ್ಕಾಟ್ಲೆಂಡಿನವನಿಗೆ ಇನ್ನೂ ನಾಲ್ಕು ಬೈಗುಳ ಕಳಿಸುತ್ತಾರಂತೆ.

ಅನಿ

*

ಹೇಸ್
25 ಮಾರ್ಚ್ 2024

ಅನಿ,

ನೀನು ಬೆಳಿಗ್ಗೆಯಿಂದ ಮೂರು ಸಲ ಫೋನ್ ಮಾಡಿದ್ದು ಗೊತ್ತು. ಎತ್ತಲಿಲ್ಲ. ಕೋಪ ಮಾಡಿಕೊಳ್ಳಬೇಡ, ನನ್ನ ಧ್ವನಿ ನನ್ನ ಮಾತು ಕೇಳುವುದಿಲ್ಲ.

ಲ್ಯಾಂಟರ್ನ್ ಲೇನ್‌ನ ಪುಟ ತೆರೆದರೆ ನಿನಗೆ ಕಂಡದ್ದೇ ಎಲ್ಲರಿಗೂ ಕಾಣುತ್ತಿದೆ. ಕಪ್ಪು ಪರದೆ, ಆರಿದ ಲಾಂದ್ರ, ‘ಇಷ್ಟು ವರ್ಷ ಜೊತೆಗಿದ್ದಿರಿ, ವಂದನೆ’ ಎಂಬ ಒಂದು ಸಾಲು. ಕೊಂಡ ಆಟಗಳೂ ಇಲ್ಲ, ಮಾರಾಟಕ್ಕೆ ಇಟ್ಟವೂ ಇಲ್ಲ. ಕೇಳಿದವರಿಗೆಲ್ಲ ಏನು ಉತ್ತರ ಕೊಡಬೇಕು ಎಂದು ನಮಗೆ ಬರೆದು ಕೊಟ್ಟಿದ್ದಾರೆ, ಅದಕ್ಕಿಂತ ಒಂದಕ್ಷರ ಹೆಚ್ಚು ಹೇಳುವಂತಿಲ್ಲ.

ನಿನಗೆ ಮಾತ್ರ ಒಂದೇ ಮಾತು ಹೇಳುತ್ತೇನೆ, ಜಾಣ, ಅರ್ಥ ಮಾಡಿಕೊ. ಇಲ್ಲಿ ದೀಪ ದೊಡ್ಡದು ಮಾಡುತ್ತಿದ್ದಾರೆ. ಇದಕ್ಕಿಂತ ಬಿಡಿಸಿ ಹೇಳಿದರೆ ನಾನು ಗಂಟುಮೂಟೆ ಕಟ್ಟಬೇಕಾಗುತ್ತದೆ.

ಧೈರ್ಯವಾಗಿರು.

ಸಿರಿ

*

ಮೈಸೂರು
26 ಮಾರ್ಚ್ 2024

ಅಕ್ಕ,

ಅರ್ಥವಾಯಿತು. ಆ ಕಷ್ಟದಲ್ಲೂ ನಮ್ಮ ಮನೆಯ ಮಾತಿನಲ್ಲಿ ಹೇಳಿದೆಯಲ್ಲ, ಅದೇ ದೊಡ್ಡದು. ರಾತ್ರಿಯಿಡೀ ಇದ್ದ ಗೊಂದಲ ನಿನ್ನ ಒಂದು ಸಾಲಿಗೆ ಹೋಯಿತು.

ಇಲ್ಲಿಯದನ್ನು ನಾನು ನೋಡಿಕೊಳ್ಳುತ್ತೇನೆ. ನೀನು ನಿನ್ನ ಕೆಲಸ, ವೀಸಾ ಜೋಪಾನ ಮಾಡಿಕೊ. ಫೋನ್ ಮಾಡಿ ಕಾಡಿದ್ದಕ್ಕೆ ಬೇಸರ ಬೇಡ.

ಅನಿ

*

ಹೇಸ್
27 ಮಾರ್ಚ್ 2024

ಅನಿ,

ನಿನ್ನ ನಾಲ್ಕು ಸಾಲು ಓದಿ ಎದೆಯ ಮೇಲಿನ ಕಲ್ಲು ಇಳಿಯಿತು. ತಮ್ಮ ದಡ್ಡನಲ್ಲ ಎಂದು ಸಂಪತ್‌ಗೂ ಹೇಳಿದೆ. ಇನ್ನು ನನ್ನ ಗೋಳು ಕೇಳು.

ಈ ಪರಿ ಅಳುವವರಿದ್ದಾರೆ ಎಂದು ನಾನು ಎಣಿಸಿರಲಿಲ್ಲ. ಆಟದ ಅಂಗಡಿ ತಾನೇ, ನಾಲ್ಕು ಜನ ಬೈಯುತ್ತಾರೆ, ಉಳಿದವರು ಬೇರೆ ಅಂಗಡಿಗೆ ಹೋಗುತ್ತಾರೆ ಎಂದುಕೊಂಡಿದ್ದೆ. ಲೆಸ್ಟರಿನ ಲಾರಿ ಡ್ರೈವರ್ ಒಬ್ಬ ಸರ್ವಿಸ್ ಸ್ಟೇಷನ್ನಿನಿಂದ ಫೋನ್ ಮಾಡಿ, ತನಗೆ ಮನೆ ಎಂಬುದೇ ಆ ಪುಟ, ರಾತ್ರಿ ಲಾರಿ ನಿಲ್ಲಿಸಿ ಹಳೆಯ ಆಟ ಆಡದೆ ನಿದ್ದೆ ಬರದು ಎಂದ. ಕ್ರಾಯ್ಡನ್ನಿನ ನರ್ಸೊಬ್ಬಳು ತಾನು ದುಡ್ಡು ಕೊಟ್ಟು ಕೊಂಡದ್ದು ಹೇಗೆ ಮಾಯವಾಗುತ್ತದೆ ಎಂದು ನ್ಯಾಯವಾಗಿಯೇ ಕೂಗಾಡಿದಳು. ಅವಳಿಗೂ ನಾನು ‘ನಿಮ್ಮ ನೆನಪುಗಳಿಗೆ ಧನ್ಯವಾದ’ ಎಂದೇ ಓದಬೇಕಾಯಿತು. ನೆನಪಿಗಲ್ಲಮ್ಮಾ ನಾನು ದುಡ್ಡು ಕೊಟ್ಟಿದ್ದು ಎಂದಳು.

ಬೈದವರನ್ನಾದರೂ ತಡೆದುಕೊಳ್ಳಬಹುದು. ನಮ್ಮ ಮೇಲೆ ಕನಿಕರ ತೋರಿಸುವವರನ್ನು ತಡೆಯುವುದು ಕಷ್ಟ. ‘ನಿಮ್ಮ ಕೆಲಸ ಹೋಗುತ್ತದಲ್ಲ, ನಿಮಗೆ ಮಕ್ಕಳಿದ್ದಾರೆಯೇ, ನಾವು ಏನಾದರೂ ಮಾಡಬಹುದೇ’ ಎಂದು ಕೇಳುತ್ತಾರೆ. ಅಂಥವರು ಒಬ್ಬಿಬ್ಬರಲ್ಲ. ನನ್ನ ಪಕ್ಕದ ಮೇಜಿನ ಶರ್ಮಿಳಾ ಹೆಡ್‌ಸೆಟ್ ತೆಗೆದಿಟ್ಟು ಬಾತ್‌ರೂಮಿಗೆ ಹೋದವಳು ಮುಖ ತೊಳೆದುಕೊಂಡು ಬಂದಳು.

ಬ್ರಾಮ್ಲಿಯಿಂದ ವಿನಿಫ್ರೆಡ್ ಎಂಬ ಮುದುಕಿ. ಕೆನಡಾದಲ್ಲಿರುವ ತಂಗಿಯ ಜೊತೆ ನಮ್ಮಲ್ಲಿ ಕೊಂಡ ತೋಟದ ಆಟ ಆಡುತ್ತಾರೆ, ದಿನವೂ ಸರದಿಯಲ್ಲಿ ನೀರು ಹಾಕುತ್ತಾರೆ. ತಂಗಿಗೆ ಈಗ ಮಾತು ನಿಂತುಹೋಗಿದೆಯಂತೆ. ತೋಟದಲ್ಲಿ ನೀರು ಬಿದ್ದಿದ್ದರೆ ಮಾತ್ರ ಇವತ್ತು ಎದ್ದಿದ್ದಾಳೆ ಎಂದು ತಿಳಿಯುವುದು. ‘ಇನ್ನು ನನಗೆ ಗೊತ್ತಾಗುವುದು ಹೇಗೆ ಮಗಳೇ’ ಎಂದು ಕೇಳಿದರು. ಏನೋ ಒಂದು ಹೇಳಿ ಸಮಾಧಾನ ಮಾಡಿದೆ.

ನಮ್ಮ ಬಾಸ್ ಗ್ರೆಗ್ ಇದನ್ನೆಲ್ಲ ಗೋಡೆಯ ಪರದೆಯ ಮೇಲೆ ನೋಡುತ್ತಾ ಕೈ ಉಜ್ಜುತ್ತಿದ್ದಾನೆ. ಇಷ್ಟು ಜನ ನಮ್ಮ ಹೆಸರು ಹೇಳಿದ್ದು ಇದೇ ಮೊದಲಂತೆ.

ಸಿರಿ

*

ಹೇಸ್
28 ಮಾರ್ಚ್ 2024

ಅನಿ,

ಇನ್ನು ಬಾಯಿ ಬಿಚ್ಚಬಹುದು. ಅಂಗಡಿ ಮುಚ್ಚಿಲ್ಲ, ಮುಚ್ಚುವುದೂ ಇರಲಿಲ್ಲ. ಎಲ್ಲ ಪ್ರಚಾರದ ನಾಟಕ. ಹೊಸ ಅಂಗಡಿ ಬರುತ್ತದೆ, ಲಾಂದ್ರದ ಗುರುತೂ ಮೊದಲಿಗಿಂತ ದೊಡ್ಡದು. ‘ಬಿಗ್ಗರ್ ಲ್ಯಾಂಪ್’ ಎಂದೇ ಈ ನಾಟಕಕ್ಕೆ ಆಫೀಸಿನಲ್ಲಿ ಇಟ್ಟ ಗುಟ್ಟಿನ ಹೆಸರು. ಅದನ್ನೇ ನಿನಗೆ ಕನ್ನಡ ಮಾಡಿ ಕಳಿಸಿದ್ದು. ಎಷ್ಟು ಬೇಗ ಹಿಡಿದುಬಿಟ್ಟೆ!

ವೆಂಬ್ಲಿಯಲ್ಲಿ ಸ್ಟೇಡಿಯಂ ಹತ್ತಿರ ಹಾಲ್ ಹಿಡಿದಿದ್ದರು. ಪತ್ರಿಕೆಯವರನ್ನೂ ಹಳೆಯ ಗಿರಾಕಿಗಳನ್ನೂ ಅಂಗಡಿಗೆ ವಿದಾಯ ಹೇಳಲು ಎಂದು ಕರೆದಿದ್ದರು. ಜನ ಕಪ್ಪು ಬಟ್ಟೆ ಹಾಕಿಕೊಂಡು ಬಂದಿದ್ದರು, ನಿಜವಾಗಿ. ತಿಂಡಿ ಈಲಿಂಗ್ ರೋಡಿನಿಂದ, ಸಂಪತ್‌ನ ರೆಸ್ಟೋರೆಂಟಿನದೇ ಆರ್ಡರು. ತಿಥಿ ಎಂದಮೇಲೆ ವಡೆ ಇರಲೇಬೇಕಲ್ಲ ಎಂದು ಅವನು ಚೇಷ್ಟೆ ಮಾಡಿದ. ಆಮೇಲೆ ವೇದಿಕೆಗೆ ಒಂದು ಶವಪೆಟ್ಟಿಗೆ ತಂದರು. ಇದನ್ನು ನಮಗೂ ಹೇಳಿರಲಿಲ್ಲ. ಮುಚ್ಚಳ ತೆಗೆದುಕೊಂಡು ಗ್ರೆಗ್ ಎದ್ದು ನಿಂತ, ಕೈಯಲ್ಲಿ ಲಾಂದ್ರ, ಸುತ್ತ ಬಲೂನು.

ಯಾರೂ ನಗಲಿಲ್ಲ ಅನಿ. ಅಷ್ಟು ದೊಡ್ಡ ಹಾಲಿನಲ್ಲಿ ಬಲೂನು ಗೋಡೆಗೆ ಉಜ್ಜುವ ಸದ್ದು ಕೇಳುತ್ತಿತ್ತು. ಮುಂದಿನ ಸಾಲಿನಲ್ಲಿದ್ದ ಒಬ್ಬ ದೊಡ್ಡ ಆಳು, ಆ ಲಾರಿ ಡ್ರೈವರನೇ ಎಂದು ಆಮೇಲೆ ತಿಳಿಯಿತು, ಟೋಪಿ ಹಾಕಿಕೊಂಡು ಎದ್ದು ಹೊರಟುಹೋದ. ಈಗ ಹೆಲ್ಪ್ ಡೆಸ್ಕಿಗೆ ಬರುತ್ತಿರುವ ಮೇಲ್‌ಗಳು ಮೊನ್ನೆಯವಕ್ಕಿಂತ ಹತ್ತು ಪಟ್ಟು. ನಿಮ್ಮ ಅಂಗಡಿಗಾಗಿ ನಾನು ಕಣ್ಣೀರು ಹಾಕಿದೆ, ನೀವು ಅದನ್ನು ಎಣಿಸಿಕೊಳ್ಳುತ್ತಿದ್ದಿರಿ ಎಂದು ಒಬ್ಬಳು ಬರೆದಿದ್ದಾಳೆ. 

ನನಗೂ ಅಸಹ್ಯವಾಗಿದೆ. ಆದರೂ ಸ್ವಾರ್ಥದ ಮಾತು ಹೇಳುತ್ತೇನೆ: ಹೊಸ ಪುಟದ ತಲೆಯಲ್ಲೇ ನಿನ್ನ ಚೌಕಾಬಾರ ಇದೆ. ಇಷ್ಟು ಜನ ಅದನ್ನು ಹಿಂದೆಂದೂ ನೋಡಿಲ್ಲ. ದಾನಪ್ಪನವರಿಗೆ ಕೈ ಮುಗಿದು ಕಳಿಸು.

ಸಿರಿ

*

ಮೈಸೂರು
29 ಮಾರ್ಚ್ 2024

ಅಕ್ಕ,

ನಿನ್ನ ಪತ್ರವನ್ನು ನಿಂತುಕೊಂಡೇ ಓದಿದೆ. 

ಬುಧವಾರ ಸಹಿ ಹಾಕಿಬಿಟ್ಟೆ. ಆಟ, ಹೆಸರು, ಧ್ವನಿ, ಎಲ್ಲ ಸೇರಿ.

ದೀಪ ದೊಡ್ಡದು ಮಾಡುತ್ತಿದ್ದಾರೆ ಎಂದು ಬರೆದೆಯಲ್ಲ. ನಮ್ಮ ಮನೆಯಲ್ಲಿ ದೀಪ ಆರಿಸು ಎಂದು ಯಾರಾದರೂ, ಎಂದಾದರೂ ಅಂದಿದ್ದಾರೆಯೇ? ಆರಿಸುವುದು, ನಂದಿಸುವುದು ಅಪಶಕುನ ಎಂದು ಅತ್ತೆ ದಿನವೂ ರಾತ್ರಿ ಹೇಳುವುದು ‘ದೀಪ ದೊಡ್ಡದು ಮಾಡು’ ಎಂದೇ. ಆ ಮಾತು ಕೇಳಿ ಎಷ್ಟು ಸಲ ನೀನೇ ಉಫ್ ಎಂದು ಊದಿದ್ದೀಯ. ನಾನು ಓದಿದ್ದು ಅದನ್ನೇ. ಅಕ್ಕನಿಗೆ ಮುಚ್ಚಿತು ಎಂಬ ಅಶುಭ ಬರೆಯಲು ಕೈ ಬರದೆ, ಮನೆಯ ಮಾತಿನಲ್ಲಿ ಮೆತ್ತಗೆ ಹೇಳಿದ್ದಾಳೆ ಎಂದುಕೊಂಡೆ. ಪುಟದಲ್ಲಿ ಆರಿದ ಲಾಂದ್ರ, ಪತ್ರದಲ್ಲಿ ಈ ಮಾತು. ಇನ್ನೇನು ಅನುಮಾನ ಉಳಿಯಬೇಕು?

ದಾನಪ್ಪನವರಿಗೂ ಸುದ್ದಿ ಮುಟ್ಟಿತ್ತು. ಅಂಗಡಿ ಹೋದ ಆಟಕ್ಕೆ ನಾಳೆ ಇವತ್ತಿನ ಬೆಲೆ ಇರುವುದಿಲ್ಲ ಎಂದರು. ಧ್ವನಿ ಅತ್ತೆಯದಾದ್ದರಿಂದ ಅವರ ಸಹಿಯೂ ಬೇಕಿತ್ತು. ‘ನಿನಗೆ ಅನುಕೂಲ ಆಗೋದಾದ್ರೆ ಕೊಡೋ, ನನ್ನ ಮಾತು ಕಟ್ಕೊಂಡು ನಾನೇನ್ ಮಾಡ್ಲಿ’ ಎಂದು ಕನ್ನಡಕ ಹುಡುಕಿ ಸಹಿ ಮಾಡಿಕೊಟ್ಟರು. ಅದು ಜೂಜಿಗೆ ಎಂದು ನಾನು ಆಗಲೂ ಹೇಳಲಿಲ್ಲ.

ಅನಿ

*

ಹೇಸ್
30 ಮಾರ್ಚ್ 2024

ಅನಿ,

ಆತುರದಲ್ಲಿ ಬರೆಯುತ್ತಿದ್ದೇನೆ, ತಪ್ಪುಗಳನ್ನು ನೀನೇ ತಿದ್ದಿಕೊಂಡು ಓದು.

ನಾನು ಆ ಸಾಲು ಬರೆಯುವಾಗ ಅತ್ತೆಯ ದೀಪ ನೆನಪಿಗೇ ಬರಲಿಲ್ಲ. ಆಫೀಸಿನ ಇಂಗ್ಲಿಷನ್ನು ತಲೆಯಲ್ಲಿಟ್ಟುಕೊಂಡು ಕನ್ನಡದಲ್ಲಿ ಇಳಿಸಿದೆ, ಅಷ್ಟೇ. ಇಲ್ಲಿದ್ದು ಇದ್ದು ನನ್ನ ಕನ್ನಡ ಹೀಗಾಗಿದೆ ಎಂದು ನನಗೇ ತಿಳಿದಿರಲಿಲ್ಲ. ಸುಳ್ಳು ಹೇಳಬಾರದೆಂದು ಜಾಣತನ ಮಾಡಲು ಹೋದೆ, ಸುಳ್ಳಿಗಿಂತ ಕೆಟ್ಟದ್ದು ಹೇಳಿದ ಹಾಗಾಯಿತು.

ಗ್ರೆಗ್ ಇವತ್ತು ರಜೆಯಲ್ಲಿದ್ದರೂ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ನಿಮ್ಮ ನಾಟಕ ನಂಬಿ ನನ್ನ ತಮ್ಮ ಆಟ ಮಾರಿಕೊಂಡ, ಕಂಪನಿಯ ವಕೀಲರಿಂದ ಏನಾದರೂ ಮಾಡಿಸಿ ಎಂದು ಬೇಡಿಕೊಂಡೆ.  ಅವನು, ಇದು ಮನಸ್ಸು ಮುಟ್ಟುವ ಕಥೆ, ನಮ್ಮ ಬ್ಲಾಗಿಗೆ ನಿನ್ನ ತಮ್ಮ ಬರೆದುಕೊಡುತ್ತಾನೆಯೇ ಎಂದು ಕೇಳಿದ. ತಮಾಷೆಗಲ್ಲ. ನಾನು ಫೋನ್ ಕಟ್ ಮಾಡಿದೆ.

ಆದರೆ ನೀನೂ ಒಂದು ದಿನ, ಒಂದೇ ಒಂದು ದಿನ, ಕಾಯಬಾರದಿತ್ತೇ? ಯುಗಾದಿಯವರೆಗೆ ಸಮಯವಿತ್ತು. ಅತ್ತೆಗೆ ಹೇಳದೆ ಸಹಿ ಹಾಕಿಸಿಕೊಂಡದ್ದೂ ನನ್ನ ತಲೆಗೇ ಕಟ್ಟಬೇಕೇ?

ಈಗಲೇ ದಾನಪ್ಪನವರನ್ನು ಹಿಡಿ. ಕಾಲಿಗಾದರೂ ಬೀಳು.

ಸಿರಿ

*

ಮೈಸೂರು
3 ಏಪ್ರಿಲ್ 2024

ಅಕ್ಕ,

ಬಿದ್ದೆ. ಅವರು ನನ್ನ ಭುಜ ಹಿಡಿದು ಎಬ್ಬಿಸಿ, ‘ನನ್ ಕೈಲಿ ಏನೂ ಇಲ್ಲ ಸಾರ್’ ಎಂದರು. ಕಣ್ಣಲ್ಲಿ ನೀರು ಇತ್ತು. ಕೆಲಸ ಆಗಲಿಲ್ಲ.

ಒಂದು ದಿನ ಕಾಯಬಾರದಿತ್ತೇ ಎಂದು ಕೇಳಿದ್ದೀಯ. ಅದಕ್ಕೆ ಉತ್ತರ ಬರೆಯುತ್ತಾ ಕೂತಿದ್ದೆ. ನಡುವೆ ನಿಮ್ಮ ಗಿರಾಕಿಗಳು ಜಗಳವಾಡುವ ಪುಟ ತೆರೆದು ನೋಡಿದೆ. ಮೋಸ, ನಾಚಿಕೆಗೇಡು ಎಂದು ನೂರಾರು ಜನ ಉಗಿದಿದ್ದಾರೆ. ಅವರ ನಡುವೆ ಒಬ್ಬರು ಮಾತ್ರ ಒಳ್ಳೆಯ ಮಾತು ಬರೆದಿದ್ದಾರೆ. ಬ್ರಾಮ್ಲಿಯ ವಿನಿಫ್ರೆಡ್. ‘ಅಲ್ಲಿ ಎಲ್ಲರೂ ಕೆಟ್ಟವರಲ್ಲ. ಸಿರಿಶಾ ಎಂಬ ಹುಡುಗಿ ಮೊದಲನೆಯ ದಿನವೇ ತನ್ನ ಸ್ವಂತ ಫೋನಿನಿಂದ ನನಗೆ ಫೋನ್ ಮಾಡಿ, ಇದು ಬರೀ ನಾಟಕ, ಗುರುವಾರದವರೆಗೆ ಕಾಯಿರಿ, ನಿಮ್ಮ ತೋಟ ಎಲ್ಲೂ ಹೋಗಿಲ್ಲ ಎಂದಳು. ನಾನು ಯಾರಿಗೂ ಹೇಳಲಿಲ್ಲ, ಈಗ ಹೇಳಬಹುದಲ್ಲವೇ’ ಎಂದು.

ಮೊದಲನೆಯ ದಿನ. ಸೋಮವಾರ. ನಾನು ಮೂರು ಸಲ ಫೋನ್ ಮಾಡಿದ ದಿನ.

ಆ ತಾಯಿಗೆ ನೀನು ಹೇಳಿದ್ದು ತಪ್ಪಲ್ಲ. ನಾನಾದರೂ ಹೇಳುತ್ತಿದ್ದೆ. ಆದರೆ ಅವರಿಗೆ ಬಿಡಿಸಿ ಹೇಳಿ, ನನಗೆ ಒಗಟು ಕಳಿಸಿದ್ದು ಯಾಕೆ ಎಂಬುದಷ್ಟೇ ನನಗೆ ತಿಳಿಯಬೇಕು.

ಅನಿ

*

ಹೇಸ್
9 ಏಪ್ರಿಲ್ 2024

ಅನಿ,

ಇವತ್ತು ಯುಗಾದಿ. ಬೇವು ಸಿಗಲಿಲ್ಲ, ಬೇಕೂ ಆಗಲಿಲ್ಲ.

ನಿನ್ನ ಪ್ರಶ್ನೆಗೆ ಆರು ದಿನದಿಂದ ಚೆಂದದ ಉತ್ತರ ಹುಡುಕಿದೆ. ಇಲ್ಲ. ಇರುವುದು ಇದೊಂದೇ: ವಿನಿಫ್ರೆಡ್ ಬಾಯಿ ಬಿಡುವುದಿಲ್ಲ ಎಂದು ನಂಬಿದೆ, ನೀನು ಬಿಡುತ್ತೀಯ ಎಂದುಕೊಂಡೆ. ನಿನಗೆ ಖುಷಿಯಾದರೆ ನಾಲ್ಕು ಜನ ಗೆಳೆಯರಿಗೆ ಹೇಳದೆ ಇರಲಾರೆ, ಅದು ಎಲ್ಲೋ ಹರಡಿ ನನ್ನ ವೀಸಾಕ್ಕೆ ಬರುತ್ತದೆ ಎಂದು ಹೆದರಿದೆ. ನೋಡಿಯೇ ಇರದ ಮುದುಕಿಯನ್ನು ನಂಬಿ ಒಡಹುಟ್ಟಿದವನನ್ನು ನಂಬಲಿಲ್ಲ. ಹೊರಗಿನವರಿಗೆ ನೋವಾದರೆ ಎದ್ದು ಹೋಗುತ್ತಾರೆ, ಮನೆಯವರು ಹೇಗೂ ಸಹಿಸಿಕೊಳ್ಳುತ್ತಾರೆ ಎಂಬ ಲೆಕ್ಕವೂ ಒಳಗೆಲ್ಲೋ ಇದ್ದಿರಬೇಕು.

ಆ ಲೆಕ್ಕ ನನ್ನಲ್ಲಿದೆ ಎಂದು ಗೊತ್ತಾಗಿ ನನಗೇ ಭಯವಾಗಿದೆ. ಗ್ರೆಗ್‌ನನ್ನು ಎಷ್ಟು ಬೈದೆ. ಅವನು ಮಾಡಿದ್ದೂ ಇದನ್ನೇ ಅಲ್ಲವೇ, ಪ್ರೀತಿಸುವವರು ಎಲ್ಲಿಗೆ ಹೋಗುತ್ತಾರೆ ಎಂದು.

ಬೇರೆ ಕೆಲಸಕ್ಕೆ ಅರ್ಜಿ ಹಾಕುತ್ತಿದ್ದೇನೆ. ಅದರಿಂದ ನಿನಗೇನೂ ಆಗಬೇಕಾದ್ದಿಲ್ಲ, ಗೊತ್ತು. ಅತ್ತೆಗೆ ನಿಜ ಹೇಳು ಅನಿ. ನಾನೇ ಹೇಳಬೇಕು ಎಂದರೂ ಸರಿ. ಬೇರೆಯವರ ಬಾಯಿಂದ ಅವರಿಗೆ ತಿಳಿಯುವುದು ಬೇಡ.

ಸಿರಿ

*

ಮೈಸೂರು
16 ಏಪ್ರಿಲ್ 2024

ಅಕ್ಕ,

ಹೇಳಿದೆ. ಜೂಜು ಎಂಬ ಮಾತನ್ನೇ ಬಳಸಿ ಹೇಳಿದೆ, ಮೆತ್ತಗೆ ಮಾಡಲಿಲ್ಲ.

ಅತ್ತೆ ಬೈಯಲಿಲ್ಲ. ನನ್ನ ಮಾತು ಕೇಳಿ ಜನ ದುಡ್ಡು ಕಳೆದುಕೊಳ್ಳುತ್ತಾರಾ ಎಂದು ಕೇಳಿದರು. ಹೌದು ಎಂದೆ. ಸರಿ ಎಂದು ಎದ್ದು ಅಡುಗೆ ಮನೆಗೆ ಹೋದರು. ನಿನ್ನ ಹೆಸರು ಎತ್ತಲಿಲ್ಲ, ನನ್ನದೂ.

ಶಾಲೆಗಳಿಗೆ ರಜೆ. ಬೀದಿಯ ಮಕ್ಕಳೆಲ್ಲ ಎಂದಿನಂತೆ ಬಂದು ಜಗಲಿಯಲ್ಲಿ ಮನೆ ಬರೆದುಕೊಂಡು ಕೂರುತ್ತವೆ. ಅತ್ತೆ ಆಡುತ್ತಾರೆ. ಕವಡೆ ಹಾಕುತ್ತಾರೆ, ಕಾಯಿ ನಡೆಸುತ್ತಾರೆ, ಮಾತು ಮಾತ್ರ ಇಲ್ಲ. ಬೈಗುಳವಿಲ್ಲ, ಚೇಷ್ಟೆಯಿಲ್ಲ. ಗಂಟಲು ನೋವೇ ಎಂದು ಕೇಳಿದೆ. ‘ಕೊಟ್ಟಾಯ್ತಲ್ಲೋ’ ಎಂದರು. ‘ಸಹಿ ಹಾಕಿ ಕೊಟ್ಮೇಲೆ ಅವು ಅವರ ಮಾತು. ನಾನು ಮತ್ತೆ ಆಡಿದ್ರೆ ಕದ್ದಂಗಲ್ವೇ.’

ಹಾಗಲ್ಲ ಅತ್ತೆ, ಕಾನೂನು ಹಾಗಿಲ್ಲ ಎಂದು ಎಷ್ಟೋ ಹೇಳಿದೆ. ಕೊಟ್ಟ ಮಾತಿಗೆ ಕಾನೂನು ಯಾಕೆ ಎಂದುಬಿಟ್ಟರು.

ನಿನ್ನೆ ಎದುರು ಮನೆಯ ಪುಟ್ಟ ಹುಡುಗಿ ಕಲ್ಯಾಣಿ ಕೊನೆಯ ಕಾಯಿ ಕಳೆದುಕೊಂಡು ಅಳುತ್ತಾ ಕೂತಳು. ಅತ್ತೆ ಹತ್ತಿರ ಸರಿದು ಅವಳ ಬೆನ್ನು ಸವರಿದರು. ಕವಡೆಗಳನ್ನು ಒಂದೊಂದಾಗಿ ಆರಿಸಿ ಅವಳ ಅಂಗೈಯಲ್ಲಿಟ್ಟು ಬೆರಳು ಮಡಿಸಿದರು. ಹುಡುಗಿ ಎಂದಿನ ಮಾತಿಗಾಗಿ ಮುಖ ಎತ್ತಿ ಕಾಯುತ್ತಾ ಕೂತಳು. ಅತ್ತೆ ಬಾಯಿ ತೆರೆದರು, ನನ್ನ ಕಡೆ ನೋಡಿದರು, ಏನನ್ನೂ ಹೇಳದೆ ಮುಚ್ಚಿಕೊಂಡರು.

ಅನಿ